ಮನೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್: ಅಳತೆಗೆ ಕೊಳ್ಳಿ, ಬೇಸಿಗೆಯ ಅಂದಾಜಿಗೆ ಬೇಡ

ಮನೆಯ ಮೇನ್ ಸ್ವಿಚ್ ಇರುವ ಡಿಬಿ ಬಾಕ್ಸ್ ಒಳಗೆ ಕೂರಿಸಿ, ಮನೆಗೆ ಬರುವ ಮುಖ್ಯ ವೈರಿಗೆ ಒಂದು ಕ್ಲಿಪ್ ಸಿಕ್ಕಿಸಿದರೆ ಮೊಬೈಲಿನಲ್ಲೇ ಕರೆಂಟ್ ಲೆಕ್ಕ ತೋರಿಸುವ ಮೀಟರ್‌ಗಳು ಈಗ ಆನ್‌ಲೈನ್‌ನಲ್ಲೂ ಸಿಗುತ್ತವೆ, ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲೂ ಸಿಗುತ್ತವೆ. ಬೊರಿವಲಿಯ ನಮ್ಮ ಮನೆಗೆ ಚಳಿಗಾಲದಲ್ಲೇ ಒಂದು ಹಾಕಿಸಿದೆವು. ಇಡೀ ಬೇಸಿಗೆ ಅದನ್ನು ನೋಡಿ, ಮಳೆ ಹಿಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬೆಲೆ 3,000 ರೂಪಾಯಿ ಆಸುಪಾಸು. ಕಂಪನಿಯ ಹೆಸರು ಹಾಕುವುದಿಲ್ಲ. ಒಂದೇ ಪೆಟ್ಟಿಗೆ ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ಬರುತ್ತದೆ, ಒಳಗಿನ ಆ್ಯಪ್ ಕೂಡ ಹೆಚ್ಚು ಕಡಿಮೆ ಒಂದೇ ಥರ. ಹಾಗಾಗಿ ನಾನು ಹೇಳುವುದು ಈ ಜಾತಿಯ ಎಲ್ಲ ಮೀಟರ್‌ಗಳಿಗೂ ಬಹುಪಾಲು ಹೊಂದುತ್ತದೆ.

ಅಳೆಯುವ ಕೆಲಸಕ್ಕೆ ಇದು ತುಂಬಾ ಒಳ್ಳೆಯ ವಸ್ತು. ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ. ಆದರೆ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ಬೇರೆ ಮಾತು. ಮುಂದಿನ ತಿಂಗಳು ಎಷ್ಟು ಯೂನಿಟ್ ಸುಡುತ್ತೀರಿ, ಬಿಲ್ ಎಷ್ಟು ಬರುತ್ತದೆ ಅಂತ ಹವಾಮಾನ ನೋಡಿ ಮೊದಲೇ ಹೇಳುತ್ತೇವೆ ಅನ್ನುವುದು. ಅದಕ್ಕೇ ಅವರು ದುಡ್ಡು ಕೇಳುತ್ತಿರುವುದು. ಮುಂಬೈ ಬೇಸಿಗೆಯಲ್ಲಿ ಆ ಅಂದಾಜು ನಂಬುವ ಹಾಗಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕಾರಣ ಗೊತ್ತಾದರೆ ಅದಕ್ಕಿಂತ ಚೆನ್ನಾಗಿ ನೀವೇ ಮನೆಯಲ್ಲಿ ಲೆಕ್ಕ ಹಾಕಬಹುದು.

ಮೊದಲು ಹಾಕಿಸುವ ವಿಷಯ. ಇದನ್ನು ನಾವೇ ಹಾಕಿಕೊಳ್ಳಬಹುದು ಅಂತ ವಿಡಿಯೋಗಳಲ್ಲಿ ತೋರಿಸುತ್ತಾರೆ. ದಯವಿಟ್ಟು ಬೇಡ. ಡಿಬಿ ತೆರೆದು ಮೇನ್ ಸ್ವಿಚ್ ಇಳಿಸಿ ಮಾಡುವ ಕೆಲಸ ಎಲೆಕ್ಟ್ರಿಷಿಯನ್ನನೇ ಮಾಡಬೇಕು. ಹತ್ತು ನಿಮಿಷದ ಕೆಲಸ. ಆದರೆ ಪಕ್ಕದಲ್ಲಿ ನಿಂತು ಒಂದು ವಿಷಯ ನೋಡಿಕೊಳ್ಳಿ. ಕ್ಲಿಪ್ ಬರೀ ಫೇಸ್ ವೈರಿನ ಸುತ್ತ ಇರಬೇಕು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಸೇರಿಸಿ ಸಿಕ್ಕಿಸಿದರೆ ಒಂದರಲ್ಲಿ ಹೋಗುವ ಕರೆಂಟ್ ಇನ್ನೊಂದರಲ್ಲಿ ವಾಪಸ್ ಬರುವುದರಿಂದ ಎರಡೂ ವಜಾ ಆಗಿ ಮೀಟರ್ ಸೊನ್ನೆ ತೋರಿಸುತ್ತದೆ. ಕ್ಲಿಪ್ ಮೇಲೆ ಬಾಣದ ಗುರುತು ಇರುತ್ತದೆ, ಅದರ ದಿಕ್ಕೂ ಸರಿ ಇರಲಿ. ಮನೆಗೆ ಮೂರು ಫೇಸ್ ಇದ್ದರೆ ಮೂರು ಕ್ಲಿಪ್ ಇರುವ ಮಾದರಿಯೇ ಬೇಕು. ಡಿಬಿಯ ಬಾಗಿಲು ಕಬ್ಬಿಣದ್ದಾದರೆ ಮುಚ್ಚಿದ ತಕ್ಷಣ ವೈಫೈ ಹೋಗಿಬಿಡುತ್ತದೆ. ನಮ್ಮಲ್ಲಿ ರೂಟರ್ ಜಾಗ ಬದಲಿಸಿದ ಮೇಲೆ ಸರಿಹೋಯಿತು.

ಕೊಳ್ಳುವಾಗ ಇನ್ನೊಂದು ನೋಡಬೇಕು, ಇದು ಮುಖ್ಯ. ಅಗ್ಗದ ಕೆಲವು ಮಾದರಿಗಳಲ್ಲಿ ಬರೀ ಕ್ಲಿಪ್ ಇರುತ್ತದೆ, ವೋಲ್ಟೇಜ್ ಅಳೆಯುವ ವೈರ್ ಇರುವುದಿಲ್ಲ. ಅವು ಆಂಪಿಯರ್ ಮಾತ್ರ ಅಳೆದು ವೋಲ್ಟೇಜ್ ಯಾವಾಗಲೂ 230 ಅಂತ ಹಿಡಿದು ಗುಣಿಸುತ್ತವೆ, ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಸ್ತ್ರಿ ಪೆಟ್ಟಿಗೆ, ಗೀಸರ್ ಥರದವಕ್ಕೆ ಇದರಿಂದ ದೊಡ್ಡ ತೊಂದರೆ ಇಲ್ಲ. ಹಳೆಯ ಫ್ರಿಜ್, ಮೋಟರ್ ಇರುವ ಸಾಮಾನುಗಳಿಗೆ ಮಾತ್ರ ನಿಜಕ್ಕಿಂತ ಜಾಸ್ತಿ ತೋರಿಸುತ್ತವೆ. ಡಿಬಿಯಲ್ಲಿರುವ ಒಂದು ಎಂಸಿಬಿಗೆ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಜೋಡಿಸುವ ಎರಡು ಸಣ್ಣ ವೈರುಗಳೂ ಇರುವ ಮಾದರಿಯನ್ನೇ ತೆಗೆದುಕೊಳ್ಳಿ. ನಮ್ಮದು ಅಂಥದ್ದು.

ಅಳತೆ ಸರಿ ಇದೆಯಾ ಅಂತ ಪರೀಕ್ಷೆ ಮಾಡುವುದಕ್ಕೆ ಬೇರೆ ಉಪಕರಣ ಬೇಡ. ಕೆಳಗೆ ಸೊಸೈಟಿಯ ಮೀಟರ್ ರೂಮಿನಲ್ಲಿ ನಿಮ್ಮ ಮೀಟರ್ ಮುಂದೆ ನಿಂತರೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ ಒಂದು ಸಂಖ್ಯೆ ಬರೆದಿರುತ್ತದೆ, ನಮ್ಮ ಮೀಟರ್ ಮೇಲೆ 3200 ಅಂತ ಇದೆ. ಅಂದರೆ 3200 ಸಲ ಮಿಣುಕಿದರೆ ಒಂದು ಯೂನಿಟ್. ಲೆಕ್ಕ ಹಾಕಿದರೆ ನಿಮಿಷಕ್ಕೆ 16 ಸಲ ಮಿಣುಕಿದಾಗ ಮನೆ 300 ವ್ಯಾಟ್ ಎಳೆಯುತ್ತಿದೆ ಅಂತ ಅರ್ಥ. ನಮ್ಮನೆಯವರು ಕೆಳಗೆ ನಿಂತು ಎಣಿಸಿದರು, ನಾನು ಮೇಲೆ ಆ್ಯಪ್ ನೋಡುತ್ತಾ ಫೋನಿನಲ್ಲಿ ಹೇಳಿದೆ. ಎರಡೂ ಹತ್ತಿರ ಹತ್ತಿರ ಕೂತವು. ತಿಂಗಳ ಕೊನೆಯಲ್ಲಿ ಬಿಲ್ಲಿನ ಯೂನಿಟ್‌ಗೂ ಆ್ಯಪ್‌ನ ಯೂನಿಟ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಳತೆಗೆ ಪೂರ್ತಿ ಅಂಕ ಕೊಡುತ್ತೇನೆ.

ಈ ಅಳತೆಯಿಂದ ಆದ ಲಾಭ ಸಣ್ಣದಲ್ಲ. ಜನವರಿಯ ರಾತ್ರಿ ಎರಡು ಗಂಟೆ ಹೊತ್ತಿಗೆ, ಎಲ್ಲರೂ ಮಲಗಿ ಎಲ್ಲವೂ ಬಂದ್ ಆಗಿದೆ ಅಂದುಕೊಂಡ ಮನೆ, ಫ್ರಿಜ್ ನಿಂತಿರುವಾಗಲೂ ನೂರು ವ್ಯಾಟ್‌ಗಿಂತ ಜಾಸ್ತಿ ಎಳೆಯುತ್ತಿತ್ತು. ಸೆಟ್‌ಟಾಪ್ ಬಾಕ್ಸ್, ರೂಟರ್, ನೀರಿನ ಫಿಲ್ಟರ್, ಅತ್ತೆಯ ರೂಮಿನ ಫ್ಯಾನ್. ಫ್ಯಾನ್ ವಿಷಯ ನನಗೆ ಹೆಚ್ಚು ಮುಟ್ಟಿತು. ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ 75 ವ್ಯಾಟ್ ಆಸುಪಾಸು ತಿನ್ನುತ್ತದೆ. ಮುಂಬೈ ಬೇಸಿಗೆಯಲ್ಲಿ ಮೂರು ಫ್ಯಾನ್ ದಿನಕ್ಕೆ 18 ಗಂಟೆ ತಿರುಗುವುದು ಯಾವ ಮನೆಯಲ್ಲೂ ಹೊಸದಲ್ಲ ಅಲ್ವಾ? ಅದೇ ದಿನಕ್ಕೆ 4 ಯೂನಿಟ್, ತಿಂಗಳಿಗೆ 120 ದಾಟುತ್ತದೆ. ಬಿಎಲ್‌ಡಿಸಿ ಅನ್ನುವ ಬೇರೆ ಥರದ ಮೋಟರಿನ ಫ್ಯಾನ್ 30 ವ್ಯಾಟ್ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಅದೇ ಲೆಕ್ಕಕ್ಕೆ ತಿಂಗಳಿಗೆ 50 ಯೂನಿಟ್ ಕೂಡ ಆಗುವುದಿಲ್ಲ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗೂ ಸ್ಟಾರ್ ಗುರುತು ಕಡ್ಡಾಯ ಆಗಿದೆ, ಅಂಗಡಿಯಲ್ಲಿ ಅದನ್ನು ನೋಡಿಯೇ ತೆಗೆದುಕೊಳ್ಳಿ. ಎಸಿ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಫ್ಯಾನ್ ಬಗ್ಗೆ ಯಾರೂ ಮಾತಾಡುವುದಿಲ್ಲ. ನಾವು ಎರಡು ಫ್ಯಾನ್ ಬದಲಿಸಿದೆವು, ಲೋಹಾರ್ ಚಾಳಿನ ಅಂಗಡಿಯಿಂದ ತಂದೆವು, ಆ್ಯಪ್‌ನ ಗೆರೆ ಮರುದಿನವೇ ಕೆಳಗಿಳಿದದ್ದು ಕಣ್ಣಿಗೆ ಕಂಡಿತು.

ಈಗ ಅಂದಾಜಿನ ವಿಷಯ.

ಆ್ಯಪ್ ಮಾಡುವುದು ಇಷ್ಟೇ. ಹಿಂದಿನ ಕೆಲವು ದಿನಗಳ ಯೂನಿಟ್ ನೋಡುತ್ತದೆ, ಊರಿನ ಹವಾಮಾನದ ಮುನ್ಸೂಚನೆಯಿಂದ ದಿನದ ಉಷ್ಣಾಂಶ ತೆಗೆದುಕೊಳ್ಳುತ್ತದೆ, ಬಿಸಿ ಜಾಸ್ತಿ ಇದ್ದರೆ ಯೂನಿಟ್ ಜಾಸ್ತಿ ಅಂತ ಗೆರೆ ಎಳೆಯುತ್ತದೆ. ಕೇಳಿದರೆ ಸರಿ ಅನ್ನಿಸುತ್ತದೆ. ಮಾರ್ಚ್ ತಿಂಗಳಲ್ಲಿ ಏನಾಯಿತು ನೋಡಿ. ಮುಂಬೈಯಲ್ಲಿ ಹಗಲಿನ ಅತಿ ಹೆಚ್ಚು ಬಿಸಿ ಎಷ್ಟೋ ಸಲ ಮೇ ತಿಂಗಳಲ್ಲಿ ಬರುವುದೇ ಇಲ್ಲ, ಮಾರ್ಚ್, ಏಪ್ರಿಲ್‌ನಲ್ಲೇ ಬಂದು ಹೋಗುತ್ತದೆ. ಪೂರ್ವದಿಂದ, ಅಂದರೆ ಒಳನಾಡಿನ ಕಡೆಯಿಂದ ಒಣ ಗಾಳಿ ಬೀಸುತ್ತದೆ, ಸಮುದ್ರದ ಗಾಳಿ ಮಧ್ಯಾಹ್ನ ತಡವಾಗಿ ಶುರುವಾಗುತ್ತದೆ, ಅಷ್ಟರಲ್ಲಿ ಉಷ್ಣಾಂಶ 38, 39 ಮುಟ್ಟಿರುತ್ತದೆ. ಮುಂಬೈಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಮಾರ್ಚ್ ತಿಂಗಳ ದಾಖಲೆ 41.7 ಡಿಗ್ರಿ, ಅದು 1956ರದ್ದು. ಹವಾಮಾನ ಇಲಾಖೆ ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇದ್ದರೆ ಬಿಸಿಗಾಳಿ ಅಂತ ಘೋಷಿಸುತ್ತದೆ. ಅಂಥ ಒಂದು ವಾರ ಈ ಸಲವೂ ಬಂತು. ಆ್ಯಪ್ ಗಾಬರಿಯಿಂದ ಕೆಂಪು ಬಣ್ಣಕ್ಕೆ ತಿರುಗಿ ತಿಂಗಳಿಗೆ 450 ಯೂನಿಟ್ ದಾಟುತ್ತದೆ ಅಂತ ಹೇಳಿತು. ತಿಂಗಳ ಕೊನೆಗೆ ಬಂದದ್ದು 260ರ ಹತ್ತಿರ.

ಕಾರಣ ಇಷ್ಟೇ. ಆ ವಾರ ಗಾಳಿ ಒಣಗಿತ್ತು. ಹಗಲು ಸುಟ್ಟರೂ ರಾತ್ರಿ ತಂಪು. ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುವಷ್ಟು. ಹಗಲಿನಲ್ಲಿ ನಾವಿಬ್ಬರೂ ಆಫೀಸಿನಲ್ಲಿ, ಮಕ್ಕಳು ಶಾಲೆಯಲ್ಲಿ, ಅತ್ತೆಗೆ ಎಸಿ ಗಾಳಿ ಆಗುವುದಿಲ್ಲ. ಎಸಿ ಹಾಕುವವರು ಯಾರು?

ಮೇ ಕೊನೆಯಲ್ಲಿ ಇದರ ಉಲ್ಟಾ. ಹಗಲು 34 ಡಿಗ್ರಿ. ಆ್ಯಪ್‌ಗೆ ಸಮಾಧಾನ. ತಿಂಗಳಿಗೆ 330 ಆಗಬಹುದು ಅಂತ ಹಸಿರು ಬಣ್ಣದಲ್ಲಿ ತೋರಿಸುತ್ತಿತ್ತು. ಆದರೆ ರಾತ್ರಿಯ ಉಷ್ಣಾಂಶ 28ರಿಂದ ಕೆಳಗಿಳಿಯುತ್ತಿರಲಿಲ್ಲ, ಗಾಳಿಯಲ್ಲಿ ನೀರು ತುಂಬಿಕೊಂಡಿತ್ತು, ಸ್ನಾನ ಮಾಡಿ ಬಂದ ಮೈ ಒರೆಸುವಷ್ಟರಲ್ಲಿ ಮತ್ತೆ ಒದ್ದೆ. ರಾತ್ರಿ ಹತ್ತಕ್ಕೆ ಹಾಕಿದ ಎಸಿ ಬೆಳಿಗ್ಗೆ ಆರರವರೆಗೆ. ಬಂದ ಯೂನಿಟ್ 420.

ಅಂದರೆ ಇದು ತಪ್ಪು ಹೇಳುವುದು ಯಾವಾಗ ಅಂದರೆ ನಮಗೆ ನಿಜವಾಗಿ ಬೇಕಾದಾಗಲೇ. ದೇಶದ ಗ್ರಿಡ್ ನಡೆಸುವವರು ದಿನವನ್ನು 15 ನಿಮಿಷದ 96 ತುಂಡುಗಳಾಗಿ ಮಾಡಿ ನಾಳೆ ಯಾವ ಹೊತ್ತಿಗೆ ಎಷ್ಟು ಕರೆಂಟ್ ಬೇಕು ಅಂತ ಅಂದಾಜು ಮಾಡುತ್ತಾರೆ. 2024ರ ಮೇ 30ರಂದು ದೇಶದ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿತ್ತು, ಅಂಥ ದಿನಗಳನ್ನು ನಿಭಾಯಿಸುವುದಕ್ಕೆ ಆ ಲೆಕ್ಕ ಬೇಕೇ ಬೇಕು. ನಮ್ಮ ಆ್ಯಪ್ ದಿನಕ್ಕೆ ಒಂದೇ ಒಂದು ಅಂಕಿ ಹಿಡಿದುಕೊಂಡು ಕೂತಿದೆ. ಮಧ್ಯಾಹ್ನ ಯಾರೂ ಇಲ್ಲದ ಮನೆಗೂ ರಾತ್ರಿ ಐದು ಜನ ಮಲಗಿರುವ ಮನೆಗೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಪುಣೆಯ ಕೋಥ್ರೂಡ್‌ನಲ್ಲಿರುವ ತಂಗಿ ಮನೆಯಲ್ಲೂ ಇದೇ ಥರದ್ದು ಇದೆ. ಎರಡು ಊರನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಇನ್ನೂ ಸ್ಪಷ್ಟ ಆಗುತ್ತದೆ. ಬೇಸಿಗೆಯಲ್ಲಿ ಎಷ್ಟು ತಂಪು ಬೇಕು ಅಂತ ಅಳೆಯುವುದಕ್ಕೆ ಒಂದು ಹಳೆಯ ವಿಧಾನ ಇದೆ. ದಿನದ ಗರಿಷ್ಠ, ಕನಿಷ್ಠ ಎರಡನ್ನೂ ಕೂಡಿಸಿ ಅರ್ಧ ಮಾಡಿ, ಅದರಿಂದ 24 ಕಳೆಯುವುದು. ಉಳಿದದ್ದನ್ನು ತಿಂಗಳಿಡೀ ಕೂಡಿಸುತ್ತಾ ಹೋಗುವುದು. 24ರ ಜಾಗದಲ್ಲಿ ಕೆಲವರು 18 ಹಿಡಿಯುತ್ತಾರೆ. ಈಗ ನೋಡಿ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಪುಣೆಯಲ್ಲಿ ಹಗಲು ಸುಮಾರು 38, ರಾತ್ರಿ ಸುಮಾರು 22. ಸರಾಸರಿ 30. ಮುಂಬೈಯಲ್ಲಿ ಹಗಲು ಸುಮಾರು 33, ರಾತ್ರಿ ಸುಮಾರು 27. ಸರಾಸರಿ ಅದೇ 30! ಎರಡೂ ಊರಿಗೆ ದಿನಕ್ಕೆ 6, ತಿಂಗಳಿಗೆ 180. ಕಾಗದದ ಮೇಲೆ ಎರಡೂ ಮನೆಗೆ ಒಂದೇ ಕರೆಂಟ್ ಬೇಕು.

ನಿಜದಲ್ಲಿ ತಂಗಿ ರಾತ್ರಿ ಕಿಟಕಿ ತೆರೆದು ಮಲಗುತ್ತಾಳೆ. ಸಂಜೆ ಹೊತ್ತು ಬಾಲ್ಕನಿ ಕಡೆಗೆ ಕೂಲರ್ ಇಟ್ಟುಕೊಳ್ಳುತ್ತಾಳೆ. ಕೂಲರ್ ಅಂದರೆ ಒಂದು ಫ್ಯಾನ್, ಒಂದು ಸಣ್ಣ ಪಂಪ್, ಎರಡೂ ಸೇರಿ 200 ವ್ಯಾಟ್ ಆಸುಪಾಸು. ಗಾಳಿ ಒಣಗಿರುವುದರಿಂದ ನೀರು ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಬಿಸಿ ಎಳೆದುಕೊಳ್ಳುತ್ತದೆ, ಗಾಳಿ ತಂಪಾಗುತ್ತದೆ. ಅದೇ ಕೂಲರನ್ನು ಬೊರಿವಲಿಗೆ ತಂದರೆ ರೂಮು ತೇವವಾಗಿ ಇನ್ನಷ್ಟು ಸೆಕೆ. ಇಲ್ಲಿ ಕೂಲರ್ ಕೊಳ್ಳುವವರಿಗೆ ಅಂಗಡಿಯವರು ಇದನ್ನು ಹೇಳಬೇಕು, ಹೇಳುವುದಿಲ್ಲ. ಪುಣೆಯಲ್ಲೂ ಜೂನ್‌ನಲ್ಲಿ ಮೋಡ ಕಟ್ಟಿ ಗಾಳಿ ತೇವವಾದ ಮೇಲೆ ಕೂಲರ್ ಕೆಲಸ ಕೊಡುವುದಿಲ್ಲ, ಅದು ತಂಗಿಯೇ ಹೇಳಿದ ಮಾತು. “ಅಕ್ಕಾ, ಏಪ್ರಿಲ್‌ನಲ್ಲಿ ದೇವರು, ಜೂನ್‌ನಲ್ಲಿ ದಂಡ” ಅಂದಳು.

ತೇವಕ್ಕೆ ಎಷ್ಟು ಕರೆಂಟ್ ಹೋಗುತ್ತದೆ ಅಂತ ಕಣ್ಣಾರೆ ನೋಡುವ ದಾರಿ ಒಂದಿದೆ. ಎಸಿಯ ನೀರಿನ ಪೈಪಿನ ಕೆಳಗೆ ರಾತ್ರಿ ಬಕೆಟ್ ಇಡಿ. ಒಂದು ಲೀಟರ್ ನೀರು ಗಾಳಿಯಿಂದ ಇಳಿಯಬೇಕಾದರೆ ಎಸಿ ಸುಮಾರು 0.68 ಯೂನಿಟ್‌ನಷ್ಟು ಬಿಸಿಯನ್ನು ಹೊರಗೆ ಹಾಕಬೇಕು. ಒಂದು ಯೂನಿಟ್ ಕರೆಂಟಿಗೆ ಮೂರೂವರೆ ಯೂನಿಟ್ ಬಿಸಿ ಹೊರಹಾಕುವ ಎಸಿ ಅಂತ ಹಿಡಿದರೆ, ಹತ್ತು ಲೀಟರ್ ನೀರು ಅಂದರೆ ಹತ್ತಿರ ಹತ್ತಿರ 2 ಯೂನಿಟ್ ಕರೆಂಟ್. ರೂಮು ಒಂದು ಡಿಗ್ರಿ ತಣ್ಣಗಾಗುವುದಕ್ಕೂ ಇದಕ್ಕೂ ಸಂಬಂಧ ಇಲ್ಲ, ಬರೀ ಗಾಳಿ ಹಿಂಡುವ ಖರ್ಚು ಇದು. ನಮ್ಮ ಮನೆಯಲ್ಲಿ ಮೇ ಕೊನೆಯ ರಾತ್ರಿಗಳಲ್ಲಿ ಬಕೆಟ್ ಅರ್ಧಕ್ಕಿಂತ ಮೇಲೆ ತುಂಬುತ್ತಿತ್ತು, ಮಾರ್ಚ್‌ನ ಒಣ ವಾರದಲ್ಲಿ ತಳ ಮುಚ್ಚುವಷ್ಟೂ ಇರಲಿಲ್ಲ. ಹವಾಮಾನದ ಯಾವ ಅಂಕಿಗಿಂತಲೂ ಈ ಬಕೆಟ್ ನಮ್ಮ ಬಿಲ್ಲನ್ನು ಚೆನ್ನಾಗಿ ಹೇಳಿತು. ಆ ನೀರನ್ನು ನೆಲ ಒರೆಸುವುದಕ್ಕೆ ಬಳಸಿ, ಕುಡಿಯುವುದಕ್ಕೆ ಬೇಡ.

ಅಂದಾಜು ತಪ್ಪುವುದಕ್ಕೆ ರಾತ್ರಿಯ ಸೆಕೆ, ಗಾಳಿಯ ತೇವ ಆದ ಮೇಲೆ ಮೂರನೆಯ ಕಾರಣ ಗೋಡೆ ಮತ್ತು ತಲೆಯ ಮೇಲಿನ ಕಾಂಕ್ರೀಟ್ ಸ್ಲ್ಯಾಬ್. ನಮ್ಮದು ಮೇಲಿನ ಮಹಡಿ, ಮಲಗುವ ಕೋಣೆಗೆ ಪಶ್ಚಿಮದ ಗೋಡೆ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ಸಂಜೆಯಾದ ಮೇಲೆ ಆ ಬಿಸಿಯನ್ನು ಒಳಗೆ ಬಿಡುವುದಕ್ಕೆ ಶುರು ಮಾಡುತ್ತದೆ. ಹೊರಗೆ ಗಾಳಿ ಹಿತವಾಗಿದ್ದರೂ ರಾತ್ರಿ ಹತ್ತಕ್ಕೆ ತಲೆಯ ಮೇಲಿನ ಸೀಲಿಂಗ್ ಮುಟ್ಟಿದರೆ ಬೆಚ್ಚಗೆ. ಎಸಿ ಹಾಕಿದ ಮೊದಲ ಒಂದು ಗಂಟೆ 1,400 ವ್ಯಾಟ್ ಹತ್ತಿರ ಎಳೆಯುತ್ತದೆ, ಆಮೇಲೆ ನಿಧಾನಕ್ಕೆ ಇಳಿದು ಬೆಳಗಿನ ಜಾವ 500ರ ಆಸುಪಾಸಿಗೆ ಬರುತ್ತದೆ. ನಮ್ಮ ಕೆಳಗಿನ ಮಹಡಿಯ ಶೆಟ್ಟರ ಮನೆಯಲ್ಲಿ ಅದೇ ಅಳತೆಯ ಎಸಿ, ಅರ್ಧ ಗಂಟೆಗೇ ಇಳಿಯುತ್ತದೆ. ಒಂದೇ ಕಟ್ಟಡ, ಒಂದೇ ಹವಾಮಾನ, ಎರಡು ಬೇರೆ ಬಿಲ್. ಆ್ಯಪ್‌ನಲ್ಲಿ ಮಹಡಿ ಯಾವುದು, ಗೋಡೆ ಯಾವ ದಿಕ್ಕಿಗೆ ಅಂತ ಕೇಳುವ ಜಾಗವೇ ಇಲ್ಲ. ಕೇಳಬೇಕಿತ್ತು. ಟೆರೇಸ್‌ಗೆ ಬಿಳಿ ಬಣ್ಣ ಬಳಿಸುವ ಮಾತು ಸೊಸೈಟಿಯಲ್ಲಿ ಎತ್ತಿದ್ದೇನೆ, ಮೇಲಿನ ಮಹಡಿಯವರೆಲ್ಲ ಒಟ್ಟಾಗಿ ಕೇಳಿದರೆ ಆಗುವ ಕೆಲಸ.

ಎಸಿ ಕೊಳ್ಳುವಾಗ ಅಂಟಿಸಿರುವ ಸ್ಟಾರ್ ಲೇಬಲ್ ಮೇಲಿನ ವರ್ಷದ ಯೂನಿಟ್ ಅಂಕಿಯ ಬಗ್ಗೆಯೂ ಒಂದು ಮಾತು. ಎಷ್ಟೋ ಜನ ಅದನ್ನು ತಮ್ಮ ಮನೆಯ ವರ್ಷದ ಖರ್ಚು ಅಂತ ತಿಳಿಯುತ್ತಾರೆ. ಅದು ವರ್ಷಕ್ಕೆ 1600 ಗಂಟೆ ಓಡಿಸಿದರೆ ಅನ್ನುವ ಲೆಕ್ಕ. ಹಾಗಾಗಿ ಆ ಅಂಕಿಯನ್ನು 1600ರಿಂದ ಭಾಗಿಸಿ, ಗಂಟೆಗೆ ಎಷ್ಟು ಅಂತ ಸಿಗುತ್ತದೆ. ಲೇಬಲ್ ಮೇಲೆ 800 ಇದ್ದರೆ ಗಂಟೆಗೆ ಅರ್ಧ ಯೂನಿಟ್. ಆದರೆ ಪರೀಕ್ಷೆಯಲ್ಲಿ ಕೋಣೆಯ ಒಳಗಿನ ಉಷ್ಣಾಂಶ 27 ಡಿಗ್ರಿ ಹಿಡಿಯುತ್ತಾರೆ. ನೀವು 22ಕ್ಕೆ ಇಟ್ಟು ಮಲಗಿದರೆ ಆ ಅಂಕಿ ನಿಮಗೆ ಹೊಂದುವುದಿಲ್ಲ. 2020ರ ಜನವರಿಯಿಂದ ಹೊಸ ಎಸಿಗಳು ಹಾಕಿದ ತಕ್ಷಣ 24ಕ್ಕೆ ಕೂರುವ ಹಾಗೆ ನಿಯಮ ಬಂದಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ಉಳಿಯುತ್ತದೆ ಅಂತ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ನಾವು 26ಕ್ಕೆ ಇಟ್ಟು ಬಿಎಲ್‌ಡಿಸಿ ಫ್ಯಾನ್ ಸಣ್ಣಗೆ ಹಾಕಿಕೊಳ್ಳುತ್ತೇವೆ. ಮೀಟರ್ ಇದ್ದರೆ ಇಂಥದ್ದನ್ನು ನಿಮ್ಮ ಮನೆಯಲ್ಲೇ ಒಂದು ರಾತ್ರಿ ಹಾಗೆ, ಒಂದು ರಾತ್ರಿ ಹೀಗೆ ಮಾಡಿ ನೋಡಬಹುದು, ಸುಮ್ನೆ ಯಾರೋ ಹೇಳಿದ್ದು ನಂಬಬೇಕಾಗಿಲ್ಲ.

ಬಿಲ್ ಅಂದಾಜು ಇನ್ನೂ ಕೆಟ್ಟದ್ದು. ಆ್ಯಪ್‌ನಲ್ಲಿ ಯೂನಿಟ್‌ಗೆ ಇಷ್ಟು ರೂಪಾಯಿ ಅಂತ ಒಂದೇ ದರ ಹಾಕುವುದಕ್ಕೆ ಸಾಧ್ಯ. ಮಹಾರಾಷ್ಟ್ರದಲ್ಲಿ ಮನೆ ಬಳಕೆಗೆ 100ರವರೆಗೆ ಒಂದು ದರ, 101ರಿಂದ 300ರವರೆಗೆ ಇನ್ನೊಂದು, 301ರಿಂದ 500, ಆಮೇಲೆ 500ರ ಮೇಲೆ. ಜೊತೆಗೆ ಸ್ಥಿರ ಶುಲ್ಕ, ಕರೆಂಟನ್ನು ತಂತಿಯಲ್ಲಿ ಮನೆಯವರೆಗೆ ತರುವುದಕ್ಕೆ ವೀಲಿಂಗ್ ಶುಲ್ಕ, ತಿಂಗಳು ತಿಂಗಳು ಬದಲಾಗುವ ಇಂಧನ ಹೊಂದಾಣಿಕೆ ಶುಲ್ಕ, ಇವೆಲ್ಲದರ ಮೇಲೆ 16 ಶೇಕಡಾ ವಿದ್ಯುತ್ ಸುಂಕ. ಬೇಸಿಗೆಯ ಬಿಲ್ ಏರುವುದು ಯೂನಿಟ್ ಏರಿದ್ದಕ್ಕೆ ಮಾತ್ರ ಅಲ್ಲ, ಎಸಿಯ ಯೂನಿಟ್‌ಗಳೆಲ್ಲ ದುಬಾರಿ ಸ್ಲ್ಯಾಬಿನಲ್ಲೇ, ಅಂದರೆ ದರದ ಮೇಲಿನ ಹಂತಗಳಲ್ಲೇ ಬೀಳುವುದರಿಂದ. ಚಳಿಗಾಲದ 150 ಯೂನಿಟ್‌ಗೆ ಕೊಟ್ಟ ಸರಾಸರಿ ದರದಲ್ಲಿ ಮೇ ತಿಂಗಳ 420ನ್ನು ಗುಣಿಸಿದರೆ ಸರಿಯಾದ ಉತ್ತರ ಹೇಗೆ ಬರುತ್ತದೆ? ದರದ ಸ್ಲ್ಯಾಬ್ ಹಾಕುವ ಸೌಲಭ್ಯ ಕೊಡಿ ಅಂತ ಕಂಪನಿಗೆ ಬರೆದೆ. ನಿಮ್ಮ ಸಲಹೆಗೆ ಧನ್ಯವಾದ ಅಂತ ಒಂದು ಸಿದ್ಧ ಉತ್ತರ ಬಂತು, ಮತ್ತೆ ಸುದ್ದಿ ಇಲ್ಲ. ಭಾರತದಲ್ಲಿ ಮಾರುವ ವಸ್ತುವಿಗೆ ಇಷ್ಟೂ ಇಲ್ಲದಿದ್ದರೆ ಹೇಗೆ ಅಂತ ನನಗೆ ನಿಜವಾಗಿ ಬೇಸರ ಆಯಿತು.

ಇನ್ನೊಂದು. ಏಪ್ರಿಲ್‌ನಲ್ಲಿ ಕುಂದಾಪುರದಲ್ಲಿ ನೆಂಟರ ಮದುವೆ ಇತ್ತು, ಮನೆಗೆ ಬೀಗ ಹಾಕಿ ಎಲ್ಲರೂ ಮತ್ಸ್ಯಗಂಧ ರೈಲು ಹತ್ತಿದೆವು. ವಾಪಸ್ ಬಂದಾಗ ಆ್ಯಪ್ ನಮ್ಮ ಉಳಿತಾಯವನ್ನು ಹೊಗಳಿ ಮುಂದಿನ ತಿಂಗಳಿನ ಅಂದಾಜನ್ನು ಪಾತಾಳಕ್ಕೆ ಇಳಿಸಿತ್ತು. ಊರಿಗೆ ಹೋಗಿದ್ದೇವೆ, ಮನೆಗೆ ನೆಂಟರು ಬಂದಿದ್ದಾರೆ ಅಂತ ಗುರುತು ಹಾಕುವ ಒಂದು ಬಟನ್ ಇದ್ದರೆ ಸಾಕಿತ್ತು. ಮುಂಬೈಯ ಕನ್ನಡದ ಮನೆಗಳಲ್ಲಿ ಬೇಸಿಗೆ ಅಂದರೆ ಅರ್ಧ ಜನ ಊರಲ್ಲಿ, ಅರ್ಧ ಊರು ಇಲ್ಲಿ. ಆ ಏರುಪೇರು ಉಷ್ಣಾಂಶದಲ್ಲಿ ಕಾಣುವುದಿಲ್ಲ.

ಹಾಗಾದರೆ ನಾವು ಹೇಗೆ ಅಂದಾಜು ಮಾಡುತ್ತೇವೆ? ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ. ಬೆಳಿಗ್ಗೆ ಹಾಲು ಕಾಯಿಸುವಾಗ ಹಿಂದಿನ ದಿನದ ಯೂನಿಟ್ ಆ್ಯಪ್ ನೋಡಿ ಬರೆಯುವುದು, ಪಕ್ಕದಲ್ಲಿ ರಾತ್ರಿಯ ಕನಿಷ್ಠ ಉಷ್ಣಾಂಶ ಬರೆಯುವುದು. ಹವಾಮಾನ ಇಲಾಖೆ ಸಾಂತಾಕ್ರೂಜ್ ಮತ್ತು ಕೊಲಾಬಾ ಎರಡರದ್ದೂ ಕೊಡುತ್ತದೆ, ಬೊರಿವಲಿಗೆ ಸಾಂತಾಕ್ರೂಜ್ ಹತ್ತಿರ. ಕೆಲವು ವಾರ ಬರೆದ ಮೇಲೆ ನಮ್ಮ ಮನೆಯ ಸ್ವಭಾವ ತಾನೇ ಕಾಣಿಸಿತು. ಎಸಿ ಇಲ್ಲದೆ ಮನೆ ನಡೆಯುವುದಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಆರೂವರೆ ಯೂನಿಟ್ ಬೇಕು. ಚಳಿಗಾಲದಲ್ಲಿ ಐದು ಸಾಕಾಗುತ್ತಿತ್ತು, ಈಗ ಫ್ಯಾನ್ ಜಾಸ್ತಿ ಹೊತ್ತು ತಿರುಗುತ್ತದೆ, ಅಡುಗೆಮನೆ ಬಿಸಿ ಇರುವುದರಿಂದ ಫ್ರಿಜ್ಜೂ ಜಾಸ್ತಿ ಹೊತ್ತು ಓಡುತ್ತದೆ. ರಾತ್ರಿ 24ರ ಕೆಳಗೆ ಇಳಿದರೆ ಎಸಿ ಸೊನ್ನೆ. 25, 26 ಇದ್ದರೆ ನಾಲ್ಕು ಯೂನಿಟ್ ಹತ್ತಿರ. 27 ದಾಟಿದರೆ ಏಳು. ಇಷ್ಟು ಗೊತ್ತಿದ್ದರೆ ಮೇ ತಿಂಗಳಿಗೆ ಆರೂವರೆ ಮತ್ತು ಏಳು ಕೂಡಿಸಿ 31ರಿಂದ ಗುಣಿಸಿದರೆ ಆಯಿತು, 418. ಬಂದದ್ದು 420 ಅಂತ ಆಗಲೇ ಹೇಳಿದೆ. ಪ್ರತಿ ತಿಂಗಳೂ ಇಷ್ಟು ಹತ್ತಿರ ಬರುವುದಿಲ್ಲ, ಜೂನ್‌ನಲ್ಲಿ ಮಳೆ ಯಾವತ್ತು ಹಿಡಿಯುತ್ತದೆ ಅನ್ನುವುದರ ಮೇಲೆ ಎಲ್ಲ ಮೇಲೆ ಕೆಳಗೆ ಆಗುತ್ತದೆ. ಆದರೂ ಆ್ಯಪ್‌ಗಿಂತ ತುಂಬಾ ಚೆನ್ನ.

ಈ ಅಂಕಿಗಳನ್ನು ಹಾಗೇ ನಿಮ್ಮ ಮನೆಗೆ ಹಾಕಿಕೊಳ್ಳಬೇಡಿ. ನಿಮ್ಮ ಮಹಡಿ ಬೇರೆ, ಎಸಿ ಬೇರೆ, ಮಲಗುವ ಹೊತ್ತು ಬೇರೆ. ವಿಧಾನ ಮಾತ್ರ ತೆಗೆದುಕೊಳ್ಳಿ. ಪುಣೆಯವರಾದರೆ ರಾತ್ರಿಯ ಜೊತೆಗೆ ಸಂಜೆ ಏಳು ಗಂಟೆಯ ಉಷ್ಣಾಂಶವನ್ನೂ ಬರೆಯಿರಿ, ಅಲ್ಲಿ ತಂಪು ಬೇಕಾಗುವುದು ಆ ಹೊತ್ತಿಗೆ. ಗೋವಾದವರಿಗೆ ಮುಂಬೈ ಲೆಕ್ಕವೇ ಹೆಚ್ಚು ಹೊಂದುತ್ತದೆ, ಅಲ್ಲಿಯೂ ರಾತ್ರಿ ಸೆಕೆ.

ಯಾರು ಕೊಳ್ಳಬೇಕು? ಎರಡು ಅಥವಾ ಮೂರು ಎಸಿ ಇರುವವರು, ಬೇಸಿಗೆಯಲ್ಲಿ 300 ಅಥವಾ 500ರ ಗೆರೆಯ ಆಚೀಚೆ ಓಡಾಡುವವರು, ಮನೆಯಲ್ಲಿ ಯಾವುದು ತಿನ್ನುತ್ತಿದೆ ಅಂತ ಗೊತ್ತಾಗದೆ ಒದ್ದಾಡುವವರು. ಇವರಿಗೆ ಇದರ ದುಡ್ಡು ವಾಪಸ್ ಬರುತ್ತದೆ. ಒಂದೇ ಎಸಿ ಇರುವವರಿಗೆ, ಬಾಡಿಗೆ ಮನೆಯವರಿಗೆ ಪ್ಲಗ್ಗಿಗೆ ಸಿಕ್ಕಿಸುವ 16 ಆಂಪಿಯರಿನ ಸಣ್ಣ ಮೀಟರ್ ಸಾಕು. ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ, ಎಲೆಕ್ಟ್ರಿಷಿಯನ್ ಬೇಡ, ಮನೆ ಬಿಡುವಾಗ ಕಿತ್ತುಕೊಂಡು ಹೋಗಬಹುದು. ಮನೆಗೆ ಆಗಲೇ ಸ್ಮಾರ್ಟ್ ಮೀಟರ್ ಬಂದಿದ್ದರೆ ಮೊದಲು ವಿದ್ಯುತ್ ಕಂಪನಿಯ ಆ್ಯಪ್ ತೆರೆದು ದಿನದ ಯೂನಿಟ್ ಕಾಣುತ್ತದಾ ನೋಡಿ, ಕಂಡರೆ ಏನೂ ಕೊಳ್ಳುವುದು ಬೇಡ, ಕ್ಯಾಲೆಂಡರ್ ಸಾಕು.

ಐದಕ್ಕೆ ಮೂರು ಸ್ಟಾರ್ ಕೊಟ್ಟಿದ್ದೇನೆ, ಮೂರೂ ಅಳತೆಗೆ. ಕೊಳ್ಳುವುದಾದರೆ ಏಪ್ರಿಲ್‌ನ ಸೆಕೆಯಲ್ಲಿ ಓಡಬೇಡಿ, ಡಿಸೆಂಬರ್ ಅಥವಾ ಜನವರಿಯಲ್ಲೇ ಹಾಕಿಸಿ. ಎಸಿ ಇಲ್ಲದ ತಿಂಗಳ ಲೆಕ್ಕ ಕೈಯಲ್ಲಿ ಇದ್ದರೆ ಮಾತ್ರ ಬೇಸಿಗೆಯಲ್ಲಿ ಎಸಿ ಎಷ್ಟು ತಿಂದಿತು ಅಂತ ಕಳೆದು ನೋಡಬಹುದು. ಈಗ ಮಳೆಗಾಲದಲ್ಲಿ ಕೊಂಡವರಿಗೂ ಅವಕಾಶ ಇದೆ, ಮುಂಬೈಯಲ್ಲಿ ಅಕ್ಟೋಬರ್ ಸೆಕೆ ಇನ್ನೂ ಬರಬೇಕು.